ಜೋಗಿಕೆರೆಯ ಒಡ್ಡು ಕಡಿದವರು

ಒಡ್ಡು ತಾನಾಗಿ ಒಡೆದಿರಲಿಲ್ಲ. ಯಾರೋ ಕಡಿದಿದ್ದರು!

ಅಗೆದ ಮಣ್ಣು ಅಂಚಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ನಡುವೆ ಚಕ್ಕಡಿ ಹಾಯುವಷ್ಟು ಅಗಲದ ಕಂಡಿ. ಅದರೊಳಗಿಂದ ಜೋಗಿಕೆರೆಯ ನೀರು ಧೋ ಎಂದು ಕೆಳಗಿನ ಜೌಗಿಗೆ ಸುರಿಯುತ್ತಿತ್ತು. ಕೆಸರಿನಲ್ಲಿ ಮೀನಿನ ಮರಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಕೊಕ್ಕರೆಗಳಿಗೆ ಹಬ್ಬ.

ನನಗೆ ತಲೆ ಕೆಟ್ಟುಹೋಯಿತು. ನಾನು ರುದ್ರೇಶ, ಸವಣೂರಿನಲ್ಲಿ ಖಾರದ, ಅಂದರೆ ಸೇವು ಚೂಡಾದ, ಅಂಗಡಿ ಇಟ್ಟವನು. ನನ್ನ ಸಿಟ್ಟು ನಮ್ಮ ಖಾರಕ್ಕಿಂತ ಒಂದು ಕೈ ಮೇಲು ಎಂದು ಗಿರಾಕಿಗಳೇ ಆಡಿಕೊಳ್ಳುತ್ತಾರೆ. ಪೊಲೀಸ್ ನೌಕರಿಯಿಂದ ನಿವೃತ್ತಳಾದ ನನ್ನ ಅಕ್ಕ ಸರೋಜವ್ವನಿಗೆ ಡಾಕ್ಟರು ದಿನಾ ನಡೆಯಿರಿ ಎಂದರು. ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಒಂದೊಂದು ಕೆರೆಯ ಒಡ್ಡು ಹಿಡಿದು ನಡೆಯುತ್ತೇವೆ. ಹಾನಗಲ್ಲಿನದು ಆಯಿತು, ಚಿಕ್ಕೇರೂರಿನ ಕಡೆಯದು ಆಯಿತು. ಆದರೆ ನನ್ನ ಜೀವವೆಲ್ಲ ಹತ್ತಿಮತ್ತೂರಿನಾಚೆಯ ಈ ಜೋಗಿಕೆರೆಯ ಮೇಲೆ. ಒಂದು ಬದಿ ತುಂಬಿದ ನೀರು, ಇನ್ನೊಂದು ಬದಿ ಜೌಗು, ನಡುವೆ ನಾವಿಬ್ಬರು. ಅದನ್ನು ಕಡಿದವನ ಕೈ ಸೇದಿಹೋಗಲಿ ಎಂದು ಬಾಯಿಬಿಟ್ಟೇ ಶಪಿಸಿದೆ.

ಆಗಲೇ ಜನ ಸೇರಿದ್ದರು. ಕೆರೆ ಸಂಘದ ಚೇರಮನ್ ಉಳಿವೆಪ್ಪ ಎಲ್ಲರಿಗಿಂತ ಮುಂದೆ ನಿಂತು ಕೂಗಾಡುತ್ತಿದ್ದ.

"ಯಾರ ಕೆಲಸಾರಿ ಇದು?" ಎಂದೆ.

"ಕಣ್ಣಿಗೆ ಕಾಣವಲ್ದೇನು? ಅಲ್ಲಿ ನೋಡ್ರಿ!"

ಕಂಡಿಯ ಪಕ್ಕದ ಜಾಲಿ ಗಿಡದ ಮೇಲೆ ಒಂದು ಮೀನಿನ ಬಲೆ ಸಿಕ್ಕಿಕೊಂಡಿತ್ತು. ಒಣಗಿದ ಬಲೆ.

"ಬಂದೇಸಾಬಂದು! ನೀರೆಲ್ಲ ಜೌಗಿಗೆ ಇಳದ್ರ ಬಲಿ ಬೀಸೋದ ಬ್ಯಾಡ, ಮೀನು ಬುಟ್ಟಿಲೆ ತುಂಬಕೋಬೌದು. ಬೆಳಕ ಹರದದ್ದು ನೋಡಿ ಬಿಟ್ಟು ಓಡ್ಯಾನ. ಅವನ ಗುತ್ತಿಗಿ ಇವತ್ತ ರದ್ದು. ಗುಡಿಸಲಾನೂ ಕೀಳ್ರಿ!"

ಬಂದೇಸಾಬ ಈ ಕೆರೆಯ ಮೀನಿನ ಗುತ್ತಿಗೆ ಹಿಡಿದವನು. ಒಡ್ಡಿನ ತುದಿಯಲ್ಲಿ ಗುಡಿಸಲು. ಬೇರೆ ಭಾನುವಾರವಾದರೆ ಅಲ್ಲಿ ನಾನು ಕರ್ಚೀಪು ಮೂಗಿಗೆ ಒತ್ತಿಕೊಂಡು ಓಡುತ್ತೇನೆ. ನಮ್ಮ ಮನೆತನದಲ್ಲಿ ಮೀನು ಕಂಡವರಿಲ್ಲ. ಆ ವಾಸನೆ ಬಡಿದರೆ ಸಾಕು, ತಿಂದದ್ದೆಲ್ಲ ಬಾಯಿಗೆ ಬರುತ್ತದೆ. ಅಂದು ಮಾತ್ರ ನನಗೆ ಎಲ್ಲಿಯ ಮೂಗು? ಬಲೆ ಕಿತ್ತು ಹೆಗಲ ಮೇಲೆ ಹಾಕಿಕೊಂಡು ದಾಪುಗಾಲು ಹಾಕಿದೆ. ಸಿಟ್ಟು ಬಂದರೆ ನನಗೆ ಬಾಯಾಡಿಸದೆ ಆಗದು. ದಾರಿಯುದ್ದಕ್ಕೂ ಜೇಬಿನ ಖಾರ ಮುಕ್ಕುತ್ತ ನಡೆದೆ. ಹಿಂದೆ ಜನ, ಜನರ ಹಿಂದೆ ಅಕ್ಕ.

ಬಲೆಯನ್ನು ಬಂದೇಸಾಬನ ಮುಖಕ್ಕೆ ಎಸೆದೆ.

"ಕಳ್ಳ! ಊರ ಕೆರಿ ಕಡದಿಯಲ್ಲೋ!"

ಬಂದೇಸಾಬ ಬಲೆಯನ್ನು ಮುಖದಿಂದ ಸರಿಸಿ ಕೆಳಗೆ ಹಾಕಿದ. ಇಬ್ಬರು ಆಗಲೇ ಗುಡಿಸಲಿನ ಗೂಟಕ್ಕೆ ಕೈ ಹಾಕಿದ್ದರು. ಒಂದು ಮಗ್ಗುಲು ಕುಸಿದು ಬಿತ್ತು. ಅವನ ಹೆಂಡತಿ ಗೌಸಬಿ ಬಾಗಿಲಲ್ಲಿ ಅಡ್ಡ ನಿಂತಳು.

"ಇನ್ನೊಂದು ಗೂಟಕ್ಕ ಕೈ ಹಚ್ಚಿ ನೋಡ್ರಿ!"

"ಎಲ್ಲಾರೂ ಹಿಂದ ಸರೀರಿ!" ಅಕ್ಕನ ದನಿ. ನೌಕರಿ ಹೋದರೂ ದನಿ ಹೋಗಿಲ್ಲ. ಜನ ಸರಿದರು. "ಬಂದೇಸಾಬ, ನೀನ ಹೇಳು. ಒಡ್ಡು ಕಡದಿಯೇನು?"

"ನಾ ಯಾಕ ಕಡೀಲಿ ಅಕ್ಕಾರ? ಮರಿ ಇನ್ನ ಬೆರಳುದ್ದ ಅದಾವ. ಬುಟ್ಟಿ ತುಂಬಿದ್ರ ಯಾರು ಕೊಳ್ತಾರ? ನನ್ನ ವರ್ಷದ ಅನ್ನ ಕೆಸರಾಗ ಸಾಯಾಕತ್ತೈತಿ!"

"ಬಲಿ ನಿಂದ ಹೌದಿಲ್ಲೋ?"

"ಹೌದ್ರಿ. ಬೇಲಿ ಮ್ಯಾಲ ಒಣಹಾಕಿದ್ದೆ. ಹೋದ ವಾರದಿಂದ ಕಾಣಲಿಲ್ಲ."

"ಯಾರಿಗರ ಹೇಳಿದೇನು?"

"ಚೇರಮನ್ನರಿಗೇ ಹೇಳೇನಿ. ನಾಯಿ ಎಳಕೊಂಡು ಹೋಗಿರಬೇಕು ಅಂದ್ರು."

"ನಂಗ್ಯಾವಾಗ ಹೇಳಿದ್ಯೋ?" ಉಳಿವೆಪ್ಪ ಮೈಮೇಲೆ ಏರಿಹೋದ. ಅಕ್ಕ ಅವನತ್ತ ನೋಡದೆ, ಜೌಗಿನ ಆಚೆ ಇಟ್ಟಂಗಿ ಭಟ್ಟಿ ನಡೆಸುವ ದುರ್ಗೇಶನ ಕಡೆ ತಿರುಗಿದಳು.

"ಕೆರಿ ಬತ್ತಿದ್ರ ನಿನಗ ಮಣ್ಣು ಸಿಗತೈತಿ. ಅಲ್ಲೇನು?"

"ಸಿಗತೈತ್ರಿ. ಆದ್ರ ಮಣ್ಣು ಕಲಸಾಕ ನೀರು ಬ್ಯಾಡೇನ್ರಿ? ಇದ ಕೆರಿ ನೀರ ನಾನೂ ಹೊಡಕೊಳ್ಳೋದು. ನನ್ನ ಭಟ್ಟಿ ಕೆಲಸಾನೂ ಕೆಟ್ಟಿತು."

"ಮೀನ ತಿಂತೀಯೇನು?"

ದುರ್ಗೇಶ ಕಕ್ಕಾಬಿಕ್ಕಿ. "ತಿಂತೇನ್ರಿ. ಬಂದೇಸಾಬನ ಕಡಿಂದನ ಒಯ್ತೇನಿ. ಯಾಕ್ರಿ?"

"ಸುಮ್ನ ಕೇಳಿದೆ. ಉಳಿವೆಪ್ಪಣ್ಣ, ನೀವು?"

"ಶಿವಶಿವಾ! ನಮ್ಮ ಮನ್ಯಾಗ ತತ್ತಿ ಸೈತ ಹೊಸ್ತಿಲಾ ದಾಟಂಗಿಲ್ಲ. ಇದೇನು ಊಟದ ಪಂಚಾಯ್ತಿ ಹಚ್ಚೀರಿ? ಪೊಲೀಸರನ್ನ ಕರೀರಿ!"

"ಕರೀತೇನಿ. ಅದಕ್ಕೂ ಮೊದಲ ಇನ್ನೊಂದು ಮಾತು." ಅಕ್ಕ ಕೆರೆಯ ಆಚೆ ದಂಡೆಗೆ ಕೈ ಮಾಡಿದಳು. ನೀರು ಇಳಿದಂತೆಲ್ಲ ಅಲ್ಲಿ ಒಂದು ತಂತಿ ಬೇಲಿ ಮೇಲೇಳುತ್ತಿತ್ತು. ಹೋದ ಭಾನುವಾರ ಅಲ್ಲಿ ಬರೀ ನೀರಿತ್ತು. "ಆ ಬೇಲಿ ಯಾರದು?"

ಉಳಿವೆಪ್ಪ ದನಿ ಇಳಿಸಿದ. "ನಮ್ಮದ. ಹೊಲದ ಬೇಲಿ."

"ಕೆರಿ ಹೊಟ್ಟ್ಯಾಗ ನಿಮಗ ಹೊಲಾ ಎಲ್ಲಿಂದ ಬಂತು?"

ಜನರೆಲ್ಲ ಬೇಲಿಯ ಕಡೆ ತಿರುಗಿದರು. ಉಳಿವೆಪ್ಪ ಕೆಳಗೆ ನಿಲ್ಲಿಸಿದ್ದ ತನ್ನ ಕಾರಿನ ಕಡೆ ಎರಡು ಹೆಜ್ಜೆ ಇಟ್ಟ.

ಅಕ್ಕ ನನ್ನತ್ತ ನೋಡಿದಳು. "ರುದ್ರಾ, ಖಾರಾ ರುಚಿ ಇತ್ತೇನು?"

ನನಗೆ ರೇಗಿತು. "ಅಕ್ಕಾ, ಇದು ಚಾಷ್ಟಿ ಮಾಡೋ ಹೊತ್ತೇನ?"

"ಬಲಿ ಹೆಗಲ ಮ್ಯಾಲ ಹಾಕ್ಕೊಂಡಿ. ಬಲಿ ಮುಟ್ಟಿದ ಕೈಲೇ ಖಾರಾ ತಿಂದಿ. ನಿನಗ ವಾಕರಿಕಿ ಯಾಕ ಬರಲಿಲ್ಲ?"

ಹೌದಲ್ಲ! ಬಲೆ ಎತ್ತಿ ಮೂಸಿ ನೋಡಿದೆ. ಮೀನಿನ ವಾಸನೆ ಒಂದಿಷ್ಟೂ ಇಲ್ಲ. ಬಟ್ಟೆ ಒಗೆಯುವ ಸೋಪಿನ ಪುಡಿಯ ಘಮ!

"ಬೆಳಿಗ್ಗಿಂದ ಎಲ್ಲಾರೂ ಬಲಿ ಕಣ್ಣಿಲೆ ನೋಡಿದ್ರಿ, ಮೂಗಿಲೆ ಯಾರೂ ನೋಡಲಿಲ್ಲ," ಅಕ್ಕ ಎಂದಳು. "ಮೀನು ಹಿಡಿಯಾಂವ ಬಲಿ ನೀರಾಗ ಜಾಲಾಡಸ್ತಾನ, ಸೋಪು ಹಚ್ಚಿ ಘಮಘಮ ಮಾಡಂಗಿಲ್ಲ. ದುರ್ಗೇಶ ಕದ್ದಿದ್ರ ಅವನೂ ತೊಳೀತಿದ್ದಿಲ್ಲ. ಮೀನಿನ ವಾಸನಿ ಅವನ ಮನಿಗೆ ಹೊಸದಲ್ಲ. ತೊಳದಾಂವ ಯಾರು? ಆ ವಾಸನಿ ಮನ್ಯಾಗ ಬಂದ್ರ ಹೆಂಡ್ರು ಮಕ್ಕಳು 'ಇದೇನು' ಅಂತ ಕೇಳೋ ಮನಿಯಾಂವ. ಇಲ್ಲಿ ಅಂಥಾವ್ರು ಇಬ್ಬರ. ಒಬ್ಬ ನಮ್ಮ ರುದ್ರ. ಅವನ ಬೇಲಿ ಕೆರ್ಯಾಗ ಇಲ್ಲ."

"ನಾಲಿಗಿ ಹಿಡದು ಮಾತಾಡವಾ!" ಉಳಿವೆಪ್ಪ ಕೂಗಿದ.

"ಹಂಗಾರ ನಿಮ್ಮ ಕಾರಿನ ಡಿಕ್ಕಿ ತಗೀರಿ."

"ಯಾಕ ತಗೀಲಿ?"

"ತಗಿಯೋ!" ಎಂದವನು ದುರ್ಗೇಶ. ಒಡ್ಡಿನ ಕೆಳಗೆ ನಿಂತಿದ್ದ ಬಿಳಿ ಕಾರಿನ ಸುತ್ತ ಜನ ಮುತ್ತಿಕೊಂಡರು. ಚೇರಮನ್ನನಿಗೆ ಬೀಗ ತೆಗೆಯದೆ ಗತಿ ಇರಲಿಲ್ಲ. ಡಿಕ್ಕಿ ತೆರೆದ ಕೂಡಲೆ ಊದಿನಕಡ್ಡಿಯ ವಾಸನೆ ಘಮ್ಮೆಂದಿತು.

"ತಲಿ ಒಳಗ ಹಾಕು ರುದ್ರಾ."

ಹಾಕಿದೆ. ಊದಿನಕಡ್ಡಿಯ ಘಮದ ಅಡಿಯಿಂದ ಆ ಮೀನಿನ ವಾಸನೆ ಬಂತು! ಹೊರಗೆ ಹಾರಿ, ತಿಂದ ಖಾರವನ್ನೆಲ್ಲ ಕಾರಿನ ಗಾಲಿಯ ಮೇಲೆ ಕಾರಿದೆ. ಅಕ್ಕ ಡಿಕ್ಕಿಯ ಹಾಸನ್ನು ಎತ್ತಿದಳು. ಮಡಿಕೆಯೊಳಗೆ ಒಂದು ಒಣಗಿದ ಮೀನಿನ ಮರಿ.

"ಕದ್ದ ದಿನ ಬಲಿ ಹಂಗಾ ತಂದು ಇಲ್ಲಿ ಹಾಕಿದ್ರಿ. ಆಮ್ಯಾಲ ಬಲಿ ತೊಳದ್ರಿ, ಕಾರಿಗೆ ಊದಿನಕಡ್ಡಿ ಹಚ್ಚಿದ್ರಿ. ಈ ವರ್ಷ ನೀರು ತುಂಬಿ ನೀವು ಒತ್ತುವರಿ ಮಾಡಿದ ಜಾಗ ಮುಳಗಿತ್ತು. ನೀರು ಹೋದ್ರ ಜಾಗ ಏಳತೈತಿ. ಬಂದೇಸಾಬನ ಗುತ್ತಿಗಿ ಹೋದ್ರ ದಿನಾ ಕೆರಿ ಮ್ಯಾಲ ಕಣ್ಣಿಡೋರೂ ಇರಂಗಿಲ್ಲ. ಒಡ್ಡು ಕಡದಾಂವ ನೀವ, ಉಳಿವೆಪ್ಪಣ್ಣ."

ಉಳಿವೆಪ್ಪ ಕಾರಿನ ಬಾಗಿಲಿಗೆ ಕೈ ಹಾಕಿದ, ಜನ ಬಿಡಲಿಲ್ಲ. ನನಗೆ ಅವನ ಕೊರಳಪಟ್ಟಿ ಹಿಡಿಯುವ ಸಿಟ್ಟು. ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿ ಠಾಣೆಗೆ ಫೋನ್ ಹಚ್ಚಿದಳು.

ಗೂಟ ಕಿತ್ತಿದ್ದವನೊಬ್ಬ ಬಂದೇಸಾಬನ ಬೆನ್ನು ತಟ್ಟಿದ. "ಹೋಗ್ಲಿ ಬಿಡೋ ಬಂದ್ಯಾ. ಆಗಿದ್ದು ಆತು."

ಬಂದೇಸಾಬ ಆ ಕೈಯನ್ನು ಕೊಡವಿದ. ಅಷ್ಟು ಹೊತ್ತು ಸತ್ತಂತಿದ್ದ ದನಿ ಈಗ ಕಾದ ಎಣ್ಣೆಯಂತೆ ಸಿಡಿಯಿತು.

"ಹೋಗ್ಲಿ ಬಿಡು ಅನ್ನೋದು ನನ್ನ ಬಾಯಾಗಿನ ಮಾತು. ನೀ ಯಾಂವ ಅದನ್ನ ಆಡಾಂವ? ನನ್ನ ಹೇಣ್ತಿ ಮುಂದ ನನ್ನ ಕಳ್ಳ ಅಂದ್ರಿ. ಒಬ್ಬರರ 'ನಿಂದ್ರಿ, ಕೇಳೋಣು' ಅಂದ್ರೇನು? ನಾ ಬಿಡಂಗಿಲ್ಲ. ಠಾಣಿ ಒಳಗ ನಿಮ್ಮೆಲ್ಲಾರ ಹೆಸರಾನೂ ಹೇಳತೇನಿ. ರುದ್ರೇಶಣ್ಣಾರ, ಮೊದಲ ನಿಮ್ಮದು."

ಎಲ್ಲರೂ ನನ್ನತ್ತ ನೋಡಿದರು. ಅಕ್ಕನೂ ನೋಡಿದಳು, ಅಡ್ಡ ಬರಲಿಲ್ಲ.

"ಹೇಳೋ ಬಂದೇಸಾಬ," ಎಂದೆ. "ಹೇಳಲಿಲ್ಲಂದ್ರ ನಾನ ಹೇಳ್ತೇನಿ."

ಗೌಸಬಿ ಆಗಲೇ ಬಿದ್ದ ಗೂಟವನ್ನು ಎತ್ತಿ, ಅದನ್ನು ಕಿತ್ತವನ ಕೈಗೇ ಕೊಟ್ಟಿದ್ದಳು. ಅವನು ಗೂಟವನ್ನು ಮತ್ತೆ ನೆಡಲು ಹಾರೆ ಹುಡುಕುತ್ತ ಹೋದ.