ಅರಗು ಒತ್ತಿದ ಕಾಗದ

ನಮ್ಮ ಅರಣ್ಯ ತರಬೇತಿ ಶಾಲೆಯಲ್ಲಿ ಪ್ರತಿ ಬ್ಯಾಚಿನ ಅಣಕು ದಾಳಿಗೂ ಹೆಜ್ಜೆ ಗುರುತು ಕಲಿಸುವ ಮೇಷ್ಟ್ರೇ ಕಳ್ಳಬೇಟೆಗಾರ. ಅವರು ಹರಕು ಶರ್ಟು ತೊಟ್ಟು ಪೊದೆಯಲ್ಲಿ ಅಡಗಬೇಕು, ನನ್ನ ಶಿಷ್ಯರು ಹಿಡಿದು ಜೇಬು ತಡಕಬೇಕು, ಸಿಕ್ಕಿದ್ದನ್ನೆಲ್ಲ ಮಹಜರಿನಲ್ಲಿ ಬರೆಯಬೇಕು. ಕಾನೂನು ಪಾಠ ನನ್ನದು.

ಆಸಾಮಿ ಸುಮ್ಮನಿರುವವರಲ್ಲ. ಉರುಳಿನ ತಂತಿಯ ಜೊತೆ ನನಗೆಂದೇ ಏನಾದರೂ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಒಮ್ಮೆ ಪೆಪ್ಪರಮೆಂಟು, ಒಮ್ಮೆ ನಾನು ಕಳೆದುಕೊಂಡಿದ್ದ ಹೇರ್‌ಪಿನ್ನು.

“ಇದು ಯಾವ ಪ್ರಾಣಿದು?” ಎಂದು ನಾನು ಕಣ್ಣು ದೊಡ್ಡದು ಮಾಡಿದರೆ, “ಕಚ್ಚೋ ಜಾತಿದು ಮೇಡಂ,” ಎನ್ನುವರು. ಶಿಷ್ಯರು ಮುಸಿಮುಸಿ ನಗುವರು. ನನ್ನ ಕಿವಿ ಬಿಸಿಯಾಗುತ್ತಿತ್ತು.

ಅವರಿಗೆ ದೂರದ ಕಾಡಿಗೆ ವರ್ಗವಾದ ವಾರವೇ ಕೊನೆಯ ಅಣಕು ದಾಳಿ. ಶಿಷ್ಯೆಯೊಬ್ಬಳು ಅವರ ಜೇಬಿನಿಂದ ಮಡಿಸಿದ ಕಾಗದ ತೆಗೆದಳು. ಕಾಗದ ಸಿಕ್ಕರೆ ನೀವು ಓದಕೂಡದು, ಮೇಲಧಿಕಾರಿಗೆ ತೋರಿಸಿ, ಅವರು ಓದಿದ ಮೇಲೆ ಕವರಿಗೆ ಹಾಕಿ ಸಹಿ ಪಡೆದು ಅರಗು ಒತ್ತಿ ಎಂದು ಬಾಯಿ ನೋಯುವಷ್ಟು ಹೇಳಿಕೊಟ್ಟವಳು ನಾನೇ; ದಾಳಿಯ ಮೇಲಧಿಕಾರಿಯೂ ನಾನೇ. ಅವಳು ತೋರಿಸಲು ಬಂದಾಗ ಇನ್ನೊಬ್ಬನ ನಕ್ಷೆ ತಿದ್ದುತ್ತಿದ್ದೆ. “ಹಾಕಮ್ಮ, ಹಾಕು,” ಎಂದು ಕವರುಗಳಿಗೆಲ್ಲ ಕಣ್ಣೆತ್ತದೆ ಸಹಿ ಮಾಡಿದೆ. ನಾನು ಸಹಿ ಮಾಡುವುದನ್ನು ಮೇಷ್ಟ್ರು ದೂರದಿಂದ ನೋಡುತ್ತಲೇ ಇದ್ದರು.

ಸಂಜೆ ಜೀಪಿನ ಬಳಿ ಕೇಳಿದರು: “ಸಿಕ್ಕಿದ್ದನ್ನೆಲ್ಲ ನೋಡಿದ್ರಲ್ಲ. ಏನೂ ಹೇಳಲ್ವಾ?”

ಮಹಜರಿನ ಮಾತೆಂದುಕೊಂಡೆ. “ಎಲ್ಲಾ ಸರಿಯಾಗಿದೆ ಮೇಷ್ಟ್ರೇ. ಹೇಳೋಕೇನೂ ಇಲ್ಲ.”

ಅವರ ಮುಖ ಸಪ್ಪಗಾಯಿತು. ಊರು ಬಿಡುವ ಸಂಕಟ ಅಂದುಕೊಂಡೆ. ನನಗೂ ಎದೆ ಕಿತ್ತು ಬರುತ್ತಿತ್ತು. ಆದರೆ ಕರೆಯದವರ ಹಿಂದೆ ಹೋಗುವುದು ಹೇಗೆ?

ಐದು ವರ್ಷದ ಮೇಲೆ, ಕೋರ್ಟಿನಲ್ಲಿ ಸೀಲು ಒಡೆಯುವ ಕ್ರಮ ಕಲಿಸಲು ಅಣಕು ದಾಳಿಗಳ ಹಳೆಯ ಪೆಟ್ಟಿಗೆ ತೆಗೆಸಿದೆ. ಕವರಿನ ಮೇಲೆ ನನ್ನ ಸಹಿ. ಒಳಗೆ ಅವರ ಅಕ್ಷರ: “ನನ್ನ ಜೊತೆ ಬರ್ತೀರಾ? ಈ ಸಲ ತಮಾಷೆ ಅಲ್ಲ.”

ತರಗತಿ ಹೇಗೆ ಮುಗಿಸಿದೆನೋ ತಿಳಿಯದು. ಫೋನ್ ಮಾಡಿದೆ.

“ಮೇಷ್ಟ್ರೇ, ಆ ಕಾಗದ... ಇವತ್ತು ಓದಿದೆ.”

“ಸಹಿ ಹಾಕಿದ್ರಲ್ಲ?”

“ನೋಡದೆ ಹಾಕಿದ್ದೆ.”

“ಅವತ್ತೇ ಓದಿದ್ದಿದ್ರೆ?”

“ಬರ್ತಿದ್ದೆ.”

“ಅಪ್ಪಾ, ಎತ್ಕೋ,” ಎಂದಿತು ಆ ಕಡೆ ಪುಟ್ಟ ದನಿ.

“ಎತ್ಕೊಳ್ಳಿ, ಅಳಿಸಬೇಡಿ,” ಎಂದು ಫೋನಿಟ್ಟೆ.

ಒಡೆದ ಸಾಕ್ಷ್ಯವನ್ನು ಮತ್ತೆ ಹೊಸ ಕವರಿಗೆ ಹಾಕಿ ಸೀಲು ಮಾಡಬೇಕೆಂಬುದು ನಿಯಮ. ಅರಗು ಕಾಯಿಸಿದೆ. ಈ ಸಲ ಮತ್ತೊಮ್ಮೆ ಓದಿಯೇ ಸಹಿ ಹಾಕಿದೆ.