ಹೊಸ ಲ್ಯಾಪ್‌ಟಾಪಿಗೆ ಮುಂಚೆ ಸುರಿದ ಮಳೆ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಇಲ್ಲೇ ಕಳಚಿ ಬೀಳಲಿ!

ಬಟ್ಟೆ ಇಸ್ತ್ರಿ ಮಾಡಬಹುದು, ಅಷ್ಟು ಕಾಯುತ್ತಿದ್ದ ಒಂದು ಹಳೇ ಲ್ಯಾಪ್‌ಟಾಪು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಗೋಡೆಯಿಂದ ಬಂದ ವೈರು ಕಿತ್ತರೆ ಅದರ ಜೀವವೂ ಹೋಗುತ್ತಿತ್ತು.

ಅವತ್ತು ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ, ಒಬ್ಬ ಹೊಸಬ ಬಂದವನೇ ಆ ವೈರಿಗೆ ಕಾಲು ತಗುಲಿಸಿದ.

ಪರದೆ ಕಪ್ಪಾಯಿತು.

"ಅಯ್ಯೋ!" ಎಂದು ಚೀರಿದಳು ಅದರ ಮುಂದೆ ಕೂತಿದ್ದವಳು. "ಬೆಳಗಿಂದ ಕೂತು ಟೈಪ್ ಹೊಡೆದದ್ದು ರೀ! ನಾಲ್ಕು ತಿಂಗಳ ಮಳೆ! ಎಲ್ಲಾ ಹೋಯ್ತು!"

"ನಾಲ್ಕು ತಿಂಗಳ ಮಳೆನಾ?" ಅವನು ಗಾಬರಿಯಿಂದ ನೆಲ ನೋಡಿದ, ಎಲ್ಲಿ ನೀರು ಹರಿಯುತ್ತಿದೆಯೋ ಎಂಬಂತೆ.

ಅವಳಿಗೆ ಅಳುವೂ ಬಂತು, ನಗುವೂ ಬಂತು. ಎರಡನ್ನೂ ನುಂಗಿ ಮುಖ ತಿರುಗಿಸಿದಳು.

ಅದು ಹವಾಮಾನ ಕಚೇರಿ. ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ದಿನಾ ಬೆಳಿಗ್ಗೆ ಎದ್ದು ಮಳೆ ಅಳೆದು, ಶಾಯಿಯಲ್ಲಿ ಬರೆದಿಟ್ಟ ದಪ್ಪ ದಪ್ಪ ರಿಜಿಸ್ಟರುಗಳು ಗೋಡೆ ತುಂಬ ಇದ್ದವು. ಗೆದ್ದಲು ಓದಿ ಮುಗಿಸುವ ಮೊದಲು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಿತ್ತು. ಕೆಲಸಕ್ಕೆ ಇಬ್ಬರು. ಲ್ಯಾಪ್‌ಟಾಪು ಮಾತ್ರ ಒಂದೇ. ಬೆಳಗಿನಿಂದ ಒಂದು ಗಂಟೆವರೆಗೆ ಅವಳು, ಆಮೇಲೆ ಸಂಜೆವರೆಗೆ ಅವನು.

"ನೀವು ಓದಿ, ನಾನು ಹೊಡೀತೀನಿ," ಎಂದ ಹೊಸಬ, ಕುರ್ಚಿ ಎಳೆದುಕೊಂಡು. "ಹೋದ ಮಳೆನೆಲ್ಲ ವಾಪಸ್ ಕರ್ಕೊಂಡು ಬರೋಣ."

ಅವಳು ಓದಿದಳು, ಅವನು ಹೊಡೆದ. ಸಂಜೆ ಹೊತ್ತಿಗೆ ನಾಲ್ಕು ತಿಂಗಳೂ ತಿರುಗಿ ಬಂದವು!

"ಇನ್ಮೇಲೆ ಒಂದು ಮಾಡೋಣ," ಎಂದ. "ನಾನು ಬಂದ ಕೂಡ್ಲೆ ನಿಮ್ಮ ಪುಟ ಒಂದ್ಸಲ ಓದಿ ಪೆನ್‌ಡ್ರೈವಿಗೆ ಹಾಕಿಡ್ತೀನಿ. ಬೆಳಿಗ್ಗೆ ನೀವು ನನ್ನದು ನೋಡಿ. ಒಬ್ಬರ ಮಳೆ ಇನ್ನೊಬ್ಬರು ಕಾಯೋಣ."

'ಒದ್ದವನೇ ಕಾಯ್ತಾನಂತೆ...' ಎಂದುಕೊಂಡಳು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಅವಳ ಜೊತೆಗೇ ನಡೆಯಿತು.

ಹೀಗೆ ಎರಡು ವರ್ಷ. ಕಚೇರಿಯವರು ಇಬ್ಬರಿಗೂ ಹೆಸರಿಟ್ಟರು. ಅವಳು ಬೆಳಗಿನಮ್ಮ, ಅವನು ಮಧ್ಯಾಹ್ನದಪ್ಪ.

ಬೆಳಗಿನಮ್ಮನ ತಾಯಿ ಬಹುಕಾಲ ಹಾಸಿಗೆ ಹಿಡಿದಿದ್ದಳು. ಆ ತಾಯಿಯ ಆರೈಕೆಗೆ ಓದು ಬಿಟ್ಟಿದ್ದಳು, ತಮ್ಮನ ಓದಿಗೆ ತನ್ನ ಮದುವೆ ಬಿಟ್ಟಿದ್ದಳು. ಈಗ ತಾಯಿಯೂ ಹೋಗಿ, ತಮ್ಮನೂ ದೂರವಾಗಿ, ಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು. ಇನ್ನೊಬ್ಬರಿಗೆ ಜಾಗ ಬಿಡುವುದೊಂದೇ ಅವಳಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

ಮಧ್ಯಾಹ್ನದಪ್ಪ ಬೆಳಗಿನ ಹೊತ್ತು ಚಿಕ್ಕಪ್ಪನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದ. ತೀರಿಹೋದ ಅಕ್ಕನ ಮಗಳೊಬ್ಬಳಿದ್ದಳು, ಏಳು ವರ್ಷದವಳು. ಪುಟ್ಟಿ ಅನ್ನುತ್ತಿದ್ದ. ಅವಳಿಗೆ ತಂದೆ, ತಾಯಿ, ಸೋದರಮಾವ ಮೂರೂ ಇವನೇ.

ಒಂದು ಗಂಟೆಗೆ ಕುರ್ಚಿ ಕೈ ಬದಲಾಗುವಾಗ ಹತ್ತು ನಿಮಿಷ ಮಾತು. ಆ ಹತ್ತು ನಿಮಿಷಕ್ಕೋಸ್ಕರ ಅವಳು ದಿನದ ಉಳಿದ ಗಂಟೆಗಳನ್ನೆಲ್ಲ ಹೇಗೋ ತಳ್ಳುತ್ತಿದ್ದಳು. ಬಾಯಿಬಿಟ್ಟು ಮಾತ್ರ ಏನನ್ನೂ ಹೇಳಲಿಲ್ಲ...

ಅಷ್ಟರಲ್ಲಿ ಸುದ್ದಿ ಬಂತು. ಹೊಸ ಲ್ಯಾಪ್‌ಟಾಪು ಬರುತ್ತದೆ!

ಸುದ್ದಿ ತಂದವನು ಸ್ಟೋರ್ ನೋಡಿಕೊಳ್ಳುವ ಅಣ್ಣ. ಅವನ ಬಾಯಿಗೆ ಬಿದ್ದ ಇಲಿ ಆನೆಯಾಗಿ ಹೊರಗೆ ಬರುತ್ತಿತ್ತು. ಸೋಮವಾರ ಅದು ರಟ್ಟಿನಷ್ಟು ತೆಳುವಾಗಿತ್ತು. ಬುಧವಾರದ ಹೊತ್ತಿಗೆ ಕಾಗದದಷ್ಟಾಯಿತು. ಶುಕ್ರವಾರ, ಕಿಟಕಿ ತೆಗೆದರೆ ಹಾರಿಹೋಗುತ್ತದೆ ಅಂದ! ಕಚೇರಿಗೆ ಯಾವ ಡಬ್ಬ ಬಂದರೂ ಎಲ್ಲರೂ ಓಡಿ ಬರುತ್ತಿದ್ದರು. ಒಂದು ದಿನ ಉಸಿರು ಬಿಗಿಹಿಡಿದು ಬಿಚ್ಚಿದರೆ ಒಳಗೆ ಆರು ಪೊರಕೆ.

"ಇನ್ನೊಂದು ವಿಷ್ಯ ಗೊತ್ತಾ?" ಎಂದ ಸ್ಟೋರಣ್ಣ. "ಪುಟ ತೋರಿಸಿದ್ರೆ ಸಾಕಂತೆ. ತಾನೇ ಓದಿ, ತಾನೇ ಬರ್ಕೊಳ್ಳುತ್ತಂತೆ!"

"ಹಾಗಾದ್ರೆ ನಾವಿಬ್ರೂ ಯಾಕಣ್ಣ?" ಎಂದಳು ಬೆಳಗಿನಮ್ಮ, ನಗುತ್ತ.

ಸ್ಟೋರಣ್ಣ ನಗಲಿಲ್ಲ.

ಮಾರನೇ ದಿನ ಮೇಲಧಿಕಾರಿ ಮೇಡಂ ಇಬ್ಬರನ್ನೂ ಕರೆಸಿದರು. ತೂಗಿ ಮಾತಾಡುವ ಹೆಂಗಸು. "ಅದು ಬಂದ್ಮೇಲೆ ಪುಟ ತಿರುವೋಕೆ, ತಪ್ಪು ನೋಡೋಕೆ ಒಬ್ಬರು ಸಾಕು. ಒಂದು ತಿಂಗಳು ನಿಮ್ಮಿಬ್ಬರ ಕೆಲಸ ನೋಡ್ತೀನಿ. ಪ್ರತಿ ಶನಿವಾರ ರಿಜಿಸ್ಟರ್ ಜೊತೆ ತಾಳೆ ಹಾಕ್ತೀನಿ. ಈ ತಿಂಗಳು ಒಬ್ಬರ ಪುಟ ಇನ್ನೊಬ್ಬರು ತಿದ್ದೋ ಹಾಗಿಲ್ಲ. ತಪ್ಪು ಕಮ್ಮಿ ಇರೋರು ಉಳೀತೀರಿ."

ಹೊರಗೆ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

'ಅವರಿಗೆ ಪುಟ್ಟಿ ಇದ್ದಾಳೆ. ನನಗೆ ಯಾರಿದ್ದಾರೆ?' ಬೆಳಗಿನಮ್ಮ ರಾತ್ರಿಯಿಡೀ ಯೋಚಿಸಬೇಕಾಗಲಿಲ್ಲ. ಬಸ್ಸು ಇಳಿಯುವಷ್ಟರಲ್ಲಿ ತೀರ್ಮಾನವಾಗಿತ್ತು.

ಮರುದಿನ, ನೂರು ವರ್ಷದ ಹಿಂದಿನ ಒಂದು ಸುಡು ಬೇಸಿಗೆಯ ದಿನ, ರಿಜಿಸ್ಟರಿನಲ್ಲಿ ಸೊನ್ನೆ ಇದ್ದ ಕಡೆ ಅವಳು ಹನ್ನೆರಡು ಮಿಲಿಮೀಟರ್ ಮಳೆ ಸುರಿಸಿದಳು.

ಎರಡು ವರ್ಷದಲ್ಲಿ ಅದು ಅವಳ ಮೊದಲ ಸುಳ್ಳು.

ಶನಿವಾರ ಮೇಡಂ ಹೇಳಿದರು, "ಇಬ್ಬರದ್ದೂ ಒಂದೂ ತಪ್ಪಿಲ್ಲ."

'ಇದೇನಿದು? ಮೇಡಂ ಕಣ್ಣು ಮುಚ್ಕೊಂಡು ನೋಡ್ತಾರಾ?' ಮುಂದಿನ ವಾರ ನಲವತ್ತು ಮಿಲಿಮೀಟರ್ ಸುರಿಸಿದಳು. ಮೂರನೇ ವಾರ ಊರೇ ತೇಲಿಹೋಗಬೇಕು, ಅಷ್ಟು! ಆದರೂ ಶನಿವಾರ ಬಂದರೆ ಅದೇ ಮಾತು. ಒಂದೂ ತಪ್ಪಿಲ್ಲ.

ಇತ್ತ ಮಧ್ಯಾಹ್ನದಪ್ಪನ ಪುಟಗಳು ಹದಗೆಟ್ಟಿದ್ದವು. ದಿನಾ ಬೆಳಿಗ್ಗೆ ನೋಡಿದರೆ ಮೂರು ನಾಲ್ಕು ತಪ್ಪು. ಸೊನ್ನೆಯ ಕಡೆ ಒಂಬತ್ತು, ಒಂಬತ್ತರ ಕಡೆ ತೊಂಬತ್ತು. 'ಪಾಪ, ಪುಟ್ಟಿಗೆ ಹುಷಾರಿಲ್ವೇನೋ... ಕೆಲಸದ ಚಿಂತೆಯೇನೋ...' ಎಂದುಕೊಂಡು ಎಲ್ಲವನ್ನೂ ಸದ್ದಿಲ್ಲದೆ ತಿದ್ದಿಡುತ್ತಿದ್ದಳು.

ನಾಲ್ಕನೇ ವಾರ ಸ್ಟೋರಣ್ಣ ಅವಳನ್ನು ಪಕ್ಕಕ್ಕೆ ಕರೆದ.

"ಹುಷಾರಮ್ಮಾ. ನಾನೇ ಕಣ್ಣಾರೆ ನೋಡಿದೀನಿ. ನೀನು ಹೋದ ತಕ್ಷಣ ಅವನು ನಿನ್ನ ಫೋಲ್ಡರ್ ತೆಗೀತಾನೆ. ಬರೀ ಓದೋದಲ್ಲ. ಅಳಿಸ್ತಾನೆ, ಬರೀತಾನೆ!"

"ಇಲ್ಲಣ್ಣ, ಅವರು ಅಂಥೋರಲ್ಲ."

"ಕುರ್ಚಿ ಅಂದ್ರೆ ಎಂಥೋರೂ ಅಂಥೋರೇ."

ಎದೆಗೆ ಯಾರೋ ತಣ್ಣೀರು ಎರಚಿದ ಹಾಗಾಯಿತು. ಕೆಲಸ ಅವನಿಗೇ ಸಿಗಲಿ ಎಂದು ತಾನೇ ಬಯಸಿದ್ದು ನಿಜ. ಆದರೆ ಅವನು ಕಿತ್ತುಕೊಳ್ಳಲು ಹೊರಟಿದ್ದಾನೆಂದರೆ... 'ಒಬ್ಬರ ಮಳೆ ಇನ್ನೊಬ್ಬರು ಕಾಯೋಣ ಅಂದಿದ್ದು ಬರೀ ಬಾಯಿಮಾತಾ?'

ಅವತ್ತು ಒಂದು ಗಂಟೆಗೆ ಅವಳು ಹೊರಟಂತೆ ಮಾಡಿ, ಪರದೆ ಕಾಣುವ ಹಾಗೆ ರಿಜಿಸ್ಟರುಗಳ ಬೀರುವಿನ ಹಿಂದೆ ನಿಂತಳು.

ಮಧ್ಯಾಹ್ನದಪ್ಪ ಕೂತ. ನಿಜವಾಗಿಯೂ ಅವಳ ಫೋಲ್ಡರ್ ತೆಗೆದ!

ಅವಳ ಕಣ್ಣು ತುಂಬಿತು.

ಅವನು ಹಳೇ ರಿಜಿಸ್ಟರ್ ಬಿಡಿಸಿ, ಸಾಲಿನ ಮೇಲೆ ಬೆರಳಾಡಿಸಿದ. ಒಂದು ಕಡೆ ನಿಂತು ನಿಟ್ಟುಸಿರು ಬಿಟ್ಟ. ಅವಳು ಬೆಳಿಗ್ಗೆ ಸುರಿಸಿದ ಐವತ್ತು ಮಿಲಿಮೀಟರ್ ಮಳೆಯನ್ನು ಅಳಿಸಿ, ಇದ್ದ ಸೊನ್ನೆಯನ್ನೇ ತಿರುಗಿ ಇಟ್ಟ. ಆಮೇಲೆ ತನ್ನ ಫೋಲ್ಡರ್ ತೆಗೆದು ನಾಲ್ಕಾರು ಸಾಲು ಹೊಡೆದ. ಅತ್ತಿತ್ತ ನೋಡಿದ. ಒಂದು ಒಣ ದಿನದ ಮೇಲೆ ಮೂವತ್ತು ಮಿಲಿಮೀಟರ್ ಸುರಿಸಿದ.

ಅವಳ ಕೈಯಿಂದ ಚೀಲ ಬಿತ್ತು.

"ನೀವು... ಇನ್ನೂ ಹೋಗಿಲ್ವಾ?" ಅವನು ಎದ್ದು ನಿಂತ.

"ನನ್ನ ಮಳೆ ಯಾಕೆ ಅಳಿಸಿದ್ರಿ?"

"ಅವತ್ತು ಮಳೆ ಬಂದಿಲ್ಲ ರೀ."

"ನಿಮ್ಮ ದಿನಕ್ಕೆ ಬಂದಿತ್ತಾ?"

ಅವನು ತಲೆ ತಗ್ಗಿಸಿದ. ಹಳೇ ಲ್ಯಾಪ್‌ಟಾಪಿನ ಫ್ಯಾನು ಮಾತ್ರ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು.

"ಮೂರು ವಾರದಿಂದ ತಪ್ಪು ಮಾಡ್ತಾನೇ ಇದೀನಿ," ಎಂದ ಕೊನೆಗೆ. "ಮೇಡಂಗೆ ಒಂದೂ ಸಿಗ್ತಿಲ್ಲ."

"ಹೇಗೆ ಸಿಗುತ್ತೆ? ದಿನಾ ಬೆಳಿಗ್ಗೆ ನಾನು ತಿದ್ತಿದ್ದೆ!"

"ಅಯ್ಯೋ, ನೀವಾ!"

"ನಿಮಗೆ ಪುಟ್ಟಿ ಇದ್ದಾಳೆ ಅಂತ ನಾನು ತಪ್ಪು ಮಾಡಿದ್ರೆ..."

"ತಾಯಿ ತೀರ್ಕೊಂಡ್ಮೇಲೆ ಮಾತೇ ಬಿಟ್ಟಿದ್ದ ನೀವು ಈ ಕೆಲಸಕ್ಕೆ ಬಂದ್ಮೇಲೆ ಮಾತಾಡೋಕೆ ಶುರು ಮಾಡಿದ್ರಂತೆ. ಎಲ್ಲರೂ ಹೇಳ್ತಾರೆ. ಇದೂ ಹೋದ್ರೆ ಮತ್ತೆ ಮೂಕಿ ಆಗ್ತೀರಿ ಅಂತ ಭಯ ಆಯ್ತು..."

ಇಬ್ಬರೂ ನಕ್ಕರೋ ಅತ್ತರೋ, ಬೀರುವಿನಲ್ಲಿದ್ದ ರಿಜಿಸ್ಟರುಗಳಿಗೇ ಗೊತ್ತು.

ಇನ್ನು ಮುಚ್ಚಿಡುವುದು ಇಬ್ಬರಿಗೂ ಆಗಲಿಲ್ಲ. ನೇರ ಮೇಡಂ ಕೋಣೆಗೆ ಹೋದರು. ಮೇಜಿನ ಮೇಲೆ ಒಂದು ಹೊಸ ಡಬ್ಬ, ಇನ್ನೂ ಬಿಚ್ಚಿರಲಿಲ್ಲ. ಅದು ಬಂದೇ ಬಿಟ್ಟಿತ್ತು.

ಎಲ್ಲ ಕೇಳಿ ಮೇಡಂ ಮುಖ ಕೆಂಪಗಾಯಿತು.

"ಬಾರದ ಮಳೆ ಬರೆಯೋದು ತಮಾಷೆನಾ? ಯಾರೋ ಒಬ್ಬ ಬಿಸಿಲಲ್ಲಿ ನಿಂತು, ಮಳೆ ಇಲ್ಲ ಅಂತ ಸೊನ್ನೆ ಬರೆದಿದ್ದಾನೆ. ಅವನ ಸೊನ್ನೆಗೂ ಒಂದು ಮರ್ಯಾದೆ ಇದೆ!"

"ತಪ್ಪು ನನ್ನದು ಮೇಡಂ, ಅವರನ್ನ ಉಳಿಸ್ಕೊಳ್ಳಿ," ಎಂದ ಅವನು.

"ಇಲ್ಲ ಮೇಡಂ, ಅವರನ್ನ!" ಎಂದಳು ಅವಳು.

ಮೇಡಂ ಕನ್ನಡಕ ತೆಗೆದಿಟ್ಟರು. "ಮೂವತ್ತು ವರ್ಷ ಸರ್ವೀಸಲ್ಲಿ ಕುರ್ಚಿ ಬೇಕು ಅಂತ ಕಿತ್ತಾಡೋರನ್ನ ನೋಡಿದೀನಿ. ಬೇಡ ಅಂತ ಕಿತ್ತಾಡೋರು ನೀವೇ ಮೊದಲು. ತಿದ್ದಿ ತಿದ್ದಿ ಲೆಕ್ಕವೆಲ್ಲ ಸರಿಯಾಗೇ ಇದೆ ಅಂತ ಇದೊಂದ್ಸಲ ಬಿಡ್ತೀನಿ. ಆದ್ರೆ ಜಾಗ ಒಂದೇ. ಸಂಜೆ ಐದರೊಳಗೆ ನೀವೇ ಒಂದು ಹೆಸರು ಹೇಳಿ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ನಿಮ್ಮ ಹೆಸರೇ ಹೇಳೋಣ," ಎಂದಳು. "ಪುಟ್ಟಿಗೆ..."

"ಪುಟ್ಟಿಗೆ ನಾನಿದ್ದೀನಿ. ಚಿಕ್ಕಪ್ಪನ ಕೈ ನಡುಗುತ್ತೆ, ದಿನವಿಡೀ ಬಂದು ಅಂಗಡೀಲಿ ಕೂತ್ಕೋ ಅಂತ ಎರಡು ವರ್ಷದಿಂದ ಗೋಗರೀತಿದ್ದಾರೆ. ನಾನೇ ಒಪ್ಪಲಿಲ್ಲ."

"ಯಾಕೆ?"

"ಅಲ್ಲಿ ಅಷ್ಟೊಂದು ಗಡಿಯಾರ ಇದೆ. ಒಂದರಲ್ಲೂ ನಿಮ್ಮ ಒಂದು ಗಂಟೆ ಬರಲ್ಲ."

ಅವಳು ಅವನ ಕಡೆ ತಿರುಗಿದಳು.

"ಓದು ಬಿಟ್ಟುಕೊಟ್ರಿ, ಮದುವೆ ಬಿಟ್ಟುಕೊಟ್ರಿ," ಎಂದ ಅವನು ಮೆಲ್ಲಗೆ. "ಸಾಕಾಗಿಲ್ವಾ? ನಿಮಗೆ ಏನು ಬೇಕು? ಒಂದ್ಸಲ ಬಾಯಿಬಿಟ್ಟು ಹೇಳಿ."

ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆ! ಉತ್ತರ ಎಲ್ಲಿದೆ ಎಂದು ಅವಳೇ ಒಳಗೆಲ್ಲ ಹುಡುಕಬೇಕಾಯಿತು.

"ನನಗೆ... ಈ ಕೆಲಸ ಬೇಕು."

"ಸರಿ."

"ಆ ಹೊಸ ಲ್ಯಾಪ್‌ಟಾಪೂ ಬೇಕು. ಇಡೀ ದಿನ. ಯಾರಿಗೂ ಎದ್ದು ಕೊಡಲ್ಲ."

"ಸರಿ."

"ನೀವೂ ಬೇಕು."

ಈ ಸಲ ಅವನಿಗೆ ಸರಿ ಅನ್ನುವುದಕ್ಕೂ ಬಾಯಿ ಬರಲಿಲ್ಲ. ಕಣ್ಣೊರೆಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ:

"ಪುಟ್ಟಿ ತುಂಬಾ ಗಲಾಟೆ ಮಾಡ್ತಾಳೆ ರೀ..."

"ಮಾಡ್ಲಿ," ಎಂದಳು ಅವಳು, ಅವನ ಕೈ ಹಿಡಿದು. "ಅಮ್ಮ ಹೋದ್ಮೇಲೆ ನಮ್ಮನೇಲಿ ಸದ್ದೇ ಇಲ್ಲ."

ಇಷ್ಟೇ. ಎಲ್ಲ ನಡೆದದ್ದೇ. ಒಂದೇ ಒಂದು ಕಡೆ, ನಿಮ್ಮ ಕಣ್ಣು ಒದ್ದೆಯಾಗಲಿ ಅಂತ, ನಾನೂ ನಾಲ್ಕು ಹನಿ ಹೆಚ್ಚಿಗೆ ಸುರಿಸಿದ್ದೇನೆ. ಎಲ್ಲಿ ಅಂತ ಗೊತ್ತಾಯಿತಾ? ಆಗಿದ್ದರೆ ಮೇಡಂಗೆ ಹೇಳಬೇಡಿ. ನೀವೇ ಸದ್ದಿಲ್ಲದೆ ಒರೆಸಿಬಿಟ್ಟು, ಕಥೆ ನಿಜ ಅಂತ ಇನ್ನೊಬ್ಬರಿಗೆ ಹೇಳಿ!