ಹಳ್ಳದ ಆಚೆ ರೇಂಜ್ ಇಲ್ಲ

ಮೊದಲ ಭೇಟಿಯಲ್ಲೇ ಬೀರೇಶ ಸುಹಾಸಿನಿಯನ್ನು ಸುಳ್ಳಿ ಅಂದುಬಿಟ್ಟಿದ್ದ. ಅದೂ ಬೆಳಗಾವಿಯ ಮೊಬೈಲ್ ಕಂಪನಿಯ ಶೋರೂಮಿನಲ್ಲಿ, ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ.

ತಪ್ಪು ಗೋಡೆಯ ಮೇಲಿನ ನಕ್ಷೆಯದು. ಜಿಲ್ಲೆಗೆ ಜಿಲ್ಲೆಯೇ ಗುಲಾಬಿ ಬಣ್ಣ ಬಳಿದು, ಗುಲಾಬಿ ಇದ್ದಲ್ಲೆಲ್ಲ ನಮ್ಮ ನೆಟ್‌ವರ್ಕ್ ಎಂದು ಕಂಪನಿ ಬರೆಸಿತ್ತು. ಕೌಂಟರಿನಲ್ಲಿ ಕೂತಿದ್ದ ಸುಹಾಸಿನಿ ಅದನ್ನೇ ಒಪ್ಪಿಸಿದಳು. ಬೀರೇಶ ಖಾನಾಪುರದ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ನಕ್ಷೆಯ ಹತ್ತಿರ ಹೋದವನೇ ಜಾಂಬೋಟಿಯ ಆಚೆಯ ಅಡವಿಯ ಮೇಲೆ ಬೆರಳಿಟ್ಟ.

"ಸುಳ್ಳ ಹೇಳ್ತೀರಲ್ರೀ ಮೇಡಂ. ಇಲ್ಲಿ ನಿಮ್ಮ ಫೋನಿನ ಒಂದು ಕಡ್ಡೀನೂ ಬರೂದಿಲ್ಲ. ನಾ ಅಲ್ಲೆ ವಾರಾ ತಿರಗ್ತೀನಿ."

ಸುಹಾಸಿನಿಗೆ ಮೈಯೆಲ್ಲ ಉರಿಯಿತು. ತಲೆ ಎತ್ತಿ ನೋಡಿದರೆ ಅವನ ಕಣ್ಣಿನಲ್ಲಿ ಜಗಳವಿರಲಿಲ್ಲ, ತುಂಟ ನಗೆ ಇತ್ತು. ಅದನ್ನು ಕಂಡು ಸಿಟ್ಟು ಇನ್ನಷ್ಟು ಏರಿತು.

ಸಿಮ್ ಕೊಳ್ಳದೆ ಹೋದವನು ಮುಂದಿನ ವಾರ ಚಾರ್ಜರ್ ಕೇಳಿಕೊಂಡು ಬಂದ. ಅದರ ಮುಂದಿನ ವಾರ ಫೋನಿನ ಕವರ್. ಆಮೇಲೆ ಏನನ್ನೂ ಕೇಳದೆ ಬಂದು ನಿಂತು, ಕಿವಿ ಕೆಂಪು ಮಾಡಿಕೊಂಡು, ಕೋಟೆ ಕೆರೆಯ ಕಡೆ ಚಹಾ ಕುಡಿಯಲು ಬರುತ್ತೀರಾ ಎಂದ. ಬರುವುದಿಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದವಳು ಬ್ಯಾಗು ತೆಗೆದುಕೊಂಡು ಎದ್ದಳು.

ಕೆರೆಯ ದಂಡೆಯಲ್ಲಿ ಇಬ್ಬರಿಗೂ ಒಂದೇ ವಾದ. ಈಗ ಇಂಟರ್‌ನೆಟ್ ಫೋನಿನೊಳಗೇ ಬಂದಿದೆ, ಫೋಟೋ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದೆ ಎಂದು ಅವಳು. ಎಮ್ಮೆ ಸಾಯಲು ಬಿದ್ದಿದೆ ಎಂದು ಫೋನ್ ಬಂದರೆ ಸಾಕು, ಎಮ್ಮೆಯ ಫೋಟೋ ಕಟ್ಟಿಕೊಂಡು ಏನು ಮಾಡಲಿ ಎಂದು ಅವನು. ಅವನ ಹತ್ತಿರ ಇದ್ದದ್ದು ಹಳೆಯ ಸರ್ಕಾರಿ ಸಿಮ್ಮು. ನೆಟ್ಟಿನ ಮಾತು ದೂರವೇ ಉಳಿಯಿತು, ಆದರೆ ಅಡವಿಯಲ್ಲೂ ರಿಂಗಾಗುತ್ತಿತ್ತು.

ವಾದದಲ್ಲಿ ಕೊನೆಗೆ ಗೆದ್ದವಳು ಅವಳೇ. ಆ ದೀಪಾವಳಿಗೆ ಕಂಪನಿ ಜೋಡಿ ಪ್ಯಾಕ್ ತಂದಿತು. ಎರಡು ನಂಬರಿನ ನಡುವೆ ಎಷ್ಟು ಮಾತಾಡಿದರೂ ಪುಕ್ಕಟೆ, ಮೆಸೇಜಿಗೆ ಲೆಕ್ಕವಿಲ್ಲ, ಮೇಲೆ ಹೊಸ ಸ್ಪೀಡಿನ ನೆಟ್ಟು. ಬೀರೇಶ ತಲೆ ಕೆರೆದುಕೊಂಡ. ಅವಳು ಅವನ ಫೋನು ಕಸಿದುಕೊಂಡು ಹಳೆಯ ಸಿಮ್ ತೆಗೆದು, ನಗುನಗುತ್ತ ಕೌಂಟರಿನ ಕತ್ತರಿಯಿಂದ ಎರಡು ತುಂಡು ಮಾಡಿಬಿಟ್ಟಳು. ಅವನು ತುಂಡುಗಳನ್ನು ನೋಡಿ, ಅವಳನ್ನು ನೋಡಿ, ಹೋಗಲಿ ಬಿಡು ಎಂದ. ಖಾನಾಪುರದ ಅವನ ರೂಮಿನಲ್ಲಿ ಹೊಸ ಸಿಮ್ಮು ಚೆನ್ನಾಗಿಯೇ ಹತ್ತುತ್ತಿತ್ತು. ಎರಡು ತಿಂಗಳು ಇಬ್ಬರೂ ಸ್ವರ್ಗದಲ್ಲಿದ್ದರು.

ಜನವರಿಯಲ್ಲಿ ಜಾಂಬೋಟಿಯ ಆಚೆಯ ಒಂದು ಹಳ್ಳಿಯಲ್ಲಿ ದನಗಳಿಗೆ ಕಾಲುಬಾಯಿ ರೋಗ ಬಿತ್ತು. ಬೀರೇಶನನ್ನು ಅಲ್ಲಿಗೆ ಹಾಕಿದರು. ಸ್ವಲ್ಪ ದಿನ ಫೋನ್ ಹತ್ತಲಿಕ್ಕಿಲ್ಲ, ಗಾಬರಿಯಾಗಬೇಡ ಎಂದು ಹೇಳಿ ಹೋದ.

ಅವನು ಹೋದ ಮೇಲೆಯೇ ಸುಹಾಸಿನಿಯ ಮನೆಯಲ್ಲಿ ಬೆಂಕಿ ಬಿತ್ತು. ಬೆಳಗಾವಿಯ ಹಿಂದವಾಡಿಯ ಆ ಮನೆಯಲ್ಲಿ ಅವಳ ತಂದೆ ಮಾರ್ತಾಂಡರಾವ್ ಪುಣೆಯ ಒಂದು ಸಂಬಂಧಕ್ಕೆ ಹೂಂ ಅಂದುಬಿಟ್ಟಿದ್ದರು. ಭಾನುವಾರ ಸಾಖರಪುಡಾ. ಗಂಡಿನ ಕಡೆಯವರು ಬಂದು ಸಕ್ಕರೆಯ ಪೊಟ್ಟಣವನ್ನು ಉಡಿಯಲ್ಲಿ ಹಾಕಿದರೆಂದರೆ ಮಾತು ಮುಗಿದಂತೆ, ಆಮೇಲೆ ಯಾರೂ ಹಿಂದೆ ಸರಿಯುವುದಿಲ್ಲ. ಸುಹಾಸಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೀರೇಶನ ಹೆಸರು, ಮನೆತನ ಎರಡನ್ನೂ ಹೇಳಿದಳು. ಹೆಡ್‌ಮಾಸ್ತರಿಕೆ ಮಾಡಿ ನಿವೃತ್ತರಾದ ಮಾರ್ತಾಂಡರಾವ್ ಕೂಗಾಡುವ ಜಾತಿಯವರಲ್ಲ. ಕನ್ನಡಕ ತೆಗೆದು ಒರೆಸಿದರು.

"ಕುರಿ ಕಾಯೋರ ಮನಿ ಹುಡುಗ ಅಂತ ನಾ ಒಲ್ಲೆ ಅನ್ನೂದಿಲ್ಲ. ಆದ್ರ ನಾ ಅವನ ಮಾರೀನೂ ನೋಡಿಲ್ಲ. ಶನಿವಾರ ಸಂಜಿ ತನಕ ಟೈಮ್ ಅದ. ಅಂವ ಹಿರಿಯರ ಜೋಡಿ ಈ ಮನಿಗೆ ಬಂದು ಹುಡುಗಿ ಕೇಳಲಿ. ಬರಲಿಲ್ಲ ಅಂದ್ರ ನೀ ಮತ್ತ ಅವನ ಹೆಸರು ತೆಗೀಬಾರದು."

ಅವಳು ಖುಷಿಯಿಂದಲೇ ಒಪ್ಪಿಕೊಂಡಳು. ಒಂದು ಫೋನ್ ಮಾಡಿದರೆ ಆಯಿತಲ್ಲ ಎಂದುಕೊಂಡಳು.

ಗುರುವಾರವಿಡೀ ಫೋನ್ ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಪ್ರತಿ ಸಲವೂ ಅದೇ ಹೆಂಗಸಿನ ಧ್ವನಿ. ಮೆಸೇಜಿನ ಮೇಲೆ ಮೆಸೇಜು ಕಳಿಸಿದಳು, ಒಂದೂ ಮುಟ್ಟಲಿಲ್ಲ. ಶುಕ್ರವಾರ ಬೆಳಿಗ್ಗೆಗೆ ಆ ಧ್ವನಿಯ ಹೆಂಗಸು ಕೈಗೆ ಸಿಕ್ಕರೆ ಜಡೆ ಹಿಡಿದು ಎಳೆಯಬೇಕು ಅನ್ನಿಸುತ್ತಿತ್ತು.

ಅದೇ ಶುಕ್ರವಾರ ಶೋರೂಮಿನಲ್ಲಿ ಹಬ್ಬ. ಇನ್ನೂ ಹೆಚ್ಚಿನ ಸ್ಪೀಡಿನ ನೆಟ್ಟು ಬಂದಿದೆಯೆಂದು ಬಲೂನು ಕಟ್ಟಿದ್ದರು. ಬಂದವರಿಗೆಲ್ಲ ಗುಲಾಬಿ ಹೂವಿನ ಫೋಟೋ ಒಂದನ್ನು ಫೋನಿಗೆ ಇಳಿಸಿ ತೋರಿಸುವುದು ಸುಹಾಸಿನಿಯ ಕೆಲಸ. ಒಂದು ಕೈಯಲ್ಲಿ ಹೂವು ಇಳಿಸುತ್ತ, ಕೌಂಟರಿನ ಕೆಳಗೆ ಇನ್ನೊಂದು ಕೈಯಲ್ಲಿ ಬೀರೇಶನ ನಂಬರು ಒತ್ತುತ್ತಿದ್ದಳು. ಹೂವು ಜನರ ಅಂಗೈಗೆ ಗಪ್ಪನೆ ಬರುತ್ತಿತ್ತು. ಅವಳಿಗೆ ಬೇಕಾಗಿದ್ದು ಒಂದೇ ಒಂದು ಹಲೋ, ಅದು ಬರಲೊಲ್ಲದು.

ಖಾನಾಪುರದ ಕಟ್ಟಿಗೆ ವ್ಯಾಪಾರಿ ಬಾಳಾಸಾಹೇಬ ಹೂವು ನೋಡಿ ಮರುಳಾಗಿ, ನಾನೂ ಈ ಪ್ಯಾಕಿಗೆ ಬದಲಾಯಿಸಲೇ ಎಂದು ಕೇಳಿದರು. ಸುಹಾಸಿನಿಗೆ ಕಂಪನಿಯ ಬಾಯಿಪಾಠ ಮರೆತೇಹೋಯಿತು.

"ಬ್ಯಾಡ್ರಿ. ನೀವು ಅಡವ್ಯಾಗ ತಿರುಗೋರು. ಎಷ್ಟು ಸ್ಪೀಡ್ ಇದ್ರೇನು, ಎಷ್ಟು ಪುಕ್ಕಟೆ ಇದ್ರೇನು, ಮನಿಯೊಳಗ ಯಾರರ ಸಾಯಾಕ ಬಿದ್ರ ನಿಮಗ ಸುದ್ದಿ ಮುಟ್ಟೂದಿಲ್ಲ. ಇದ್ದ ಸಿಮ್ ಇಟ್ಗೋರಿ."

ಹಿಂದೆಯೇ ನಿಂತಿದ್ದ ಮ್ಯಾನೇಜರ್ ಕಣ್ಣು ಕೆಕ್ಕರಿಸಿದ. ಅವಳು ಅವನ ಕಡೆ ನೋಡಲೂ ಇಲ್ಲ.

ಶನಿವಾರ ಬೆಳಗಿನ ಮೊದಲ ಬಸ್ಸು ಹತ್ತಿದಳು. ಖಾನಾಪುರದ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ದುಂಡಪ್ಪ ಬಾಗಿಲು ತೆರೆಯುತ್ತಿದ್ದ. ಬೀರೇಶ ಇನ್ನೂ ಆ ಹಳ್ಳಿಯಲ್ಲೇ ಇದ್ದಾನೆ, ರೋಗ ಹರಡಬಾರದೆಂದು ಅಲ್ಲಿಂದ ಕದಲುವಂತಿಲ್ಲ ಎಂದ. ಆಮೇಲೆ ಚಪ್ಪಲಿ ಬಿಡುತ್ತ ತನ್ನ ಸಂಕಟವನ್ನೂ ಹೇಳಿಕೊಂಡ.

"ಹಳೇ ನಂಬರ್ ಇದ್ದಾಗ ಅಲ್ಲೂ ಹತ್ತತಿತ್ತು ನೋಡ್ರಿ. ಯಾವಾಕಿನೋ ಬೆಳಗಾಂವದಾಕಿ ಸಿಮ್ ಬದಲಾ ಮಾಡ್ಸ್ಯಾಳಂತ. ಪುಣ್ಯಾತಗಿತ್ತಿ."

"ನಾನ ಅಕಿ," ಅಂದಳು ಸುಹಾಸಿನಿ. ದುಂಡಪ್ಪ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಜಾಂಬೋಟಿ ಬಸ್ಸು ನಿಲ್ಲುವ ಜಾಗವನ್ನು ತೋರಿಸಿದ.

ಜಾಂಬೋಟಿಯಿಂದ ಹಾಲಿನ ಗಾಡಿ. ಗಾಡಿಯವನು ಹಳ್ಳದ ಈಚೆಗೇ ಇಳಿಸಿ ತಿರುಗಿಸಿಕೊಂಡು ಹೋದ. ಹಳ್ಳಕ್ಕೆ ಅಡ್ಡ ಹಗ್ಗ ಕಟ್ಟಿ ಕೆಂಪು ಅರಿವೆ ಇಳಿಬಿಟ್ಟಿದ್ದರು, ಯಾರೂ ದಾಟಬಾರದೆಂದು. ಆಚೆ ದಂಡೆಯಲ್ಲಿ ಹೆಂಗಸೊಬ್ಬಳು ಕೊಡ ತುಂಬುತ್ತಿದ್ದಳು. ಅವಳು ಊರಿನ ಕಡೆ ತಿರುಗಿ ಡಾಕ್ಟರಪ್ಪನನ್ನು ಕೂಗಿದಳು.

ಬೀರೇಶ ಓಡಿ ಬಂದ. ಮೊಣಕಾಲಿನವರೆಗೆ ಗಮ್‌ಬೂಟು, ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿದ್ದವು. ಅವನನ್ನು ಕಂಡದ್ದೇ ಸುಹಾಸಿನಿ ಚಪ್ಪಲಿ ಸಮೇತ ನೀರಿಗೆ ಕಾಲಿಟ್ಟಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಇನ್ನೊಂದು ಹೆಜ್ಜೆ ಇಟ್ಟಳು, ಅವನು ಮತ್ತೊಂದು ಸರಿದ.

"ಅಲ್ಲೇ ನಿಲ್ಲ. ನನ್ನ ಮೈ ತುಂಬ ಬ್ಯಾನಿ ದನದ ಜೊಲ್ಲು ಐತಿ. ನೀ ಮುಂದ ಬಂದ್ರ ನಾ ಹಿಂದ ಸರೀಬೇಕಾಕ್ಕೇತಿ."

ಹೀಗಾಗಿ ಕೆರೆಯ ದಂಡೆಯಲ್ಲಿ ಪಿಸುಗುಟ್ಟುತ್ತಿದ್ದ ಮಾತನ್ನೆಲ್ಲ ಅವಳು ಊರಿಗೇ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. ಪುಣೆಯವರು, ಸಕ್ಕರೆಯ ಪೊಟ್ಟಣ, ಅಪ್ಪನ ಗಡುವು, ಇವತ್ತಿನ ಸಂಜೆ. ಕೊಡದ ಹೆಂಗಸು ಬಾಯಿಗೆ ಸೆರಗು ಹಚ್ಚಿ ನಿಂತು ಕೇಳುತ್ತಿದ್ದಳು. ನಾಚಿಕೆಪಡುವಷ್ಟು ಶಕ್ತಿಯೂ ಸುಹಾಸಿನಿಗೆ ಉಳಿದಿರಲಿಲ್ಲ.

"ನಿನಗ ನಾ ಬ್ಯಾಡಾಗಿದ್ರ ಇಲ್ಲೇ ಹೇಳಿಬಿಡು. ಹೊಳ್ಳಿ ಹೋಗ್ತೀನಿ."

"ಬ್ಯಾಡಾಗಿದ್ರ ದಿನಾ ಈ ಸುಡಗಾಡ ಫೋನ್ ಹಿಡಕೊಂಡು ಆ ಗುಡ್ಡ ಯಾಕ ಹತ್ತತಿದ್ದೆ?" ಅವನು ಊರಿನ ಹಿಂದಿನ ಗುಡ್ಡದ ಕಡೆ ಕೈ ಮಾಡಿದ. "ನಿನ್ನ ಬಿಟ್ಟು ನನಗ ಯಾರ ಅದಾರ ಹೇಳು."

ಹೀಗೆ ಹೇಳಿದವನೇ ಬೂಟು ಕಳಚತೊಡಗಿದ. ಒಂದು ಬೂಟು ಕೈಯಲ್ಲಿ ಹಿಡಿದವನು ಹಾಗೆಯೇ ನಿಂತುಬಿಟ್ಟ. ಹಿಂದೆ ಯಾವುದೋ ಕೊಟ್ಟಿಗೆಯಲ್ಲಿ ಎಮ್ಮೆ ನರಳುತ್ತಿತ್ತು. ಅವನು ಬರುವುದಾದರೂ ಒಬ್ಬನೇ ಬಂದರೆ ಆಗದು, ಹಿರಿಯರು ಬೇಕು. ಅವನ ತಂದೆ ತಾಯಿ ಈಗ ಕುರಿ ಹಿಂಡಿನ ಜೊತೆ ಪಾರಿಶ್ವಾಡದ ಹೊಲಗಳಲ್ಲಿದ್ದಾರೆ. ಅವರನ್ನು ಕರೆಯಲು ಇವನು ಹೋದರೆ ರೋಗ ಇವನ ಬೂಟಿನ ಜೊತೆ ಹಿಂಡಿನೊಳಗೆ ಹೋಗುತ್ತದೆ. ಅವನು ಕಳಚಿದ ಬೂಟನ್ನು ಮತ್ತೆ ಕಾಲಿಗೆ ಏರಿಸಿದ. ಸುಹಾಸಿನಿಗೆ ತಾನಾಗಿಯೇ ತಿಳಿಯಿತು.

"ನಾ ಹೋಗಿ ಕರ್ಕೊಂಡ ಬರ್ತೀನಿ," ಅಂದಳು.

"ಅವ್ವಗ ನಿನ್ನ ಹೆಸರಷ್ಟ ಗೊತ್ತೈತಿ. ನಿನ್ನ ನೋಡಿಲ್ಲ ಅಕಿ."

"ಇವತ್ತ ನೋಡ್ತಾಳ."

ರೋಗ ಹರಡದಿರಲೆಂದು ಸೋಡಾ ಕದಡಿದ ನೀರಿನ ಬಕೆಟು ಈಚೆ ದಂಡೆಯಲ್ಲಿಯೂ ಇತ್ತು. ಅವನು ಆಚೆಯಿಂದ ಹೇಳಿಕೊಟ್ಟ ಹಾಗೆ ಕಾಲು, ಚಪ್ಪಲಿ, ಸೀರೆಯ ಅಂಚು ಎಲ್ಲ ತೊಳೆದುಕೊಂಡಳು. ಇಷ್ಟು ದೂರ ಬಂದು ಅವನ ಒಂದು ಬೆರಳನ್ನೂ ಮುಟ್ಟದೆ ತಿರುಗುವಾಗ ಅವಳಿಗೆ ಜೀವ ಹಿಂಡಿದಂತಾಯಿತು.

ಖಾನಾಪುರಕ್ಕೆ ಬಂದು ಪಾರಿಶ್ವಾಡದ ಬಸ್ಸು ಹಿಡಿಯುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಕೈಯಲ್ಲಿ ಗಡಿಯಾರವಿತ್ತು, ನೋಡಲು ಧೈರ್ಯವಾಗಲಿಲ್ಲ. ಕಂಡವರನ್ನೆಲ್ಲ ಕೇಳುತ್ತ, ಎರೆಹೊಲದ ಹೆಂಟೆಗಳಲ್ಲಿ ಎಡವುತ್ತ, ಚಪ್ಪಲಿಯ ಉಂಗುಟ ಕಿತ್ತು ಬರಿಗಾಲಾಗಿ ಹಿಂಡಿನ ಹತ್ತಿರ ಬಂದು ನಿಂತಳು. ಬೀರೇಶನ ತಂದೆ ಸಿದರಾಯ ಹಿಂಡಿನ ಆಚೆ ತುದಿಯಲ್ಲಿದ್ದ. ತಾಯಿ ಪದ್ಮವ್ವ ಕುರಿಮರಿಗೆ ಹಾಲು ಕುಡಿಸುತ್ತಿದ್ದವಳು ತಲೆ ಎತ್ತಿದಳು. ಸುಹಾಸಿನಿ ಉಸಿರು ಬಿಡದೆ ಎಲ್ಲ ಹೇಳಿ ಮುಗಿಸಿದಳು.

ಪದ್ಮವ್ವ ಅವಳ ಪಾದಗಳನ್ನು ನೋಡಿದಳು. "ಹಳ್ಳ ದಾಟಿ ಹ್ವಾದೇನು?"

"ಇಲ್ರಿ."

"ಅವನ್ನ ಮುಟ್ಟಿದೇನು?"

"ಇಲ್ರಿ. ಬ್ಯಾಡ ಅಂದ." ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಅಲ್ಲಿ ಒಡೆಯಿತು. "ಭಾಳ ಮನಸಾಗಿತ್ರಿ. ಮುಟ್ಟಲಿಲ್ಲ."

ಪದ್ಮವ್ವ ಮರಿಯನ್ನು ಕೆಳಗೆ ಬಿಟ್ಟು ಎದ್ದಳು. ಗಂಡನಿಗೆ ಕುರಿ ನೋಡಿಕೋ ಎಂದು ಕೂಗಿ ಹೇಳಿ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ದೇವರ ಅರಿಶಿನದ ಹುಡಿ, ಭಂಡಾರದ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದಳು. ನಡಿಯವ್ವಾ, ಬಸ್ ತಪ್ಪೀತು ಎಂದಳು.

ಹಿಂದವಾಡಿಯ ಮನೆ ಮುಟ್ಟಿದಾಗ ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ಮಾರ್ತಾಂಡರಾವ್ ಬಾಗಿಲಲ್ಲೇ ನಿಂತಿದ್ದರು. ಮಗಳ ಬರಿಗಾಲು ನೋಡಿದರು, ಅವಳ ಹಿಂದೆ ಕಂಬಳಿ ಹೊತ್ತ ಹೆಂಗಸನ್ನು ನೋಡಿದರು. ಒಳಗೆ ಬರ್ರಿ, ಕುಂದರ್ರಿ ಎಂದರು. ಆದರೆ ಧ್ವನಿ ಬಿಗಿಯಾಗಿಯೇ ಇತ್ತು. ಹುಡುಗ ಬರಬೇಕು ಎಂದು ಮಾತಾಗಿತ್ತು, ಹುಡುಗ ಎಲ್ಲಿ ಎಂದು ಕೇಳಿದರು.

ಪದ್ಮವ್ವ ಕುರ್ಚಿ ಬಿಟ್ಟು ನೆಲದ ಮೇಲೆ ಕಂಬಳಿ ಹಾಸಿ ಕೂತಳು.

"ಬಂದಿದ್ರ ನಾನ ಅವನ್ನ ಹೊರಗ ಹಾಕ್ತಿದ್ದೆ ನೋಡ್ರಿ. ಆ ಊರಾಗ ದನ ಸಾಯಾಕ ಹತ್ತ್ಯಾವು, ಮಂದಿ ಇವನ ಕೈ ನೋಡ್ಕೊಂತ ಕುಂತಾರ. ನಿಮ್ಮ ಮಗಳ ಸಲುವಾಗಿ ಅವನ್ನೆಲ್ಲ ಬಿಟ್ಟ ಬಂದ್ರ, ನಾಳೆ ಇನ್ನೊಬ್ಬರ ಸಲುವಾಗಿ ನಿಮ್ಮ ಮಗಳನ್ನೂ ಬಿಟ್ಟಾನ್ರಿ. ಅಂಥಾ ಮಗನ ಸಲುವಾಗಿ ನಾ ಕೇಳಾಕ ಬರ್ತಿದ್ದಿಲ್ಲ. ಈಗ ಕೇಳಾಕ ಬಂದೀನಿ, ನಿಮ್ಮ ಹುಡುಗಿ ಕೊಡ್ರಿ."

ಸುಹಾಸಿನಿ ಕಂಬದ ಬಾಜು ನಿಂತು, ಕಂಡ ಕಂಡ ದೇವರನ್ನೆಲ್ಲ ಮನಸ್ಸಿನಲ್ಲೇ ಕಾಡುತ್ತಿದ್ದಳು. ಮಾರ್ತಾಂಡರಾವ್ ಮತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಆ ಹೆಂಗಸಿನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು, ಪುಣೆಗೆ ಫೋನ್ ಹಚ್ಚಿ, ಮರಾಠಿಯಲ್ಲಿ ಮೆಲ್ಲಗೆ ಕ್ಷಮೆ ಕೇಳಿದರು.

ಪದ್ಮವ್ವ ಚೀಲ ಬಿಚ್ಚಿದಳು. ಗಂಡಿನ ತಾಯಿ ಕುಲದೇವರು ಬೀರಪ್ಪನ ಭಂಡಾರವನ್ನು ಹುಡುಗಿಯ ಹಣೆಗೆ ಹಚ್ಚಿದರೆ ಆಕೆ ಆ ಮನೆಯವಳೇ, ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅರಿಶಿನದ ಹುಡಿಯನ್ನು ಸುಹಾಸಿನಿಯ ಹಣೆಯ ತುಂಬ, ಕೂದಲಿನ ಬುಡದವರೆಗೆ ಬಳಿದಳು. ಆ ರಾತ್ರಿ ಸುಹಾಸಿನಿ ಅದು ಅಳಿಸೀತೆಂದು ಮಗ್ಗುಲು ಬದಲಿಸದೆ ಮಲಗಿದಳು.

ಆದರೆ ಹಳ್ಳದ ಆಚೆ ಒಬ್ಬನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಸಂಜೆ ಕಳೆಯಿತು, ಎಲ್ಲ ಮುಗಿಯಿತು ಎಂದೇ ಅವನು ತಿಳಿದಿರಬೇಕು. ಭಾನುವಾರ ನಸುಕಿನಲ್ಲಿ ಅತ್ತೆಯನ್ನು ಖಾನಾಪುರದಲ್ಲಿ ಪಾರಿಶ್ವಾಡದ ಬಸ್ಸಿಗೆ ಹತ್ತಿಸಿ, ಸುಹಾಸಿನಿ ಮತ್ತೆ ಅದೇ ದಾರಿ ಹಿಡಿದಳು. ಅಪ್ಪ ಹೀಗೆಂದರು, ಅವ್ವ ಹಾಗೆಂದಳು ಎಂದು ಅವನಿಗೆ ಕೂಗಿ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಅವನು ಆಚೆ ದಂಡೆಯ ಕಲ್ಲಿನ ಮೇಲೆ ಮೊದಲೇ ಕೂತಿದ್ದ. ರಾತ್ರಿಯೆಲ್ಲ ಅಲ್ಲೇ ಇದ್ದವನ ಹಾಗೆ ಕಾಣುತ್ತಿದ್ದ. ಅವಳನ್ನು ಕಂಡು ಎದ್ದ. ಅವಳು ಜೋಡಿಸಿಕೊಂಡ ಮಾತುಗಳನ್ನೆಲ್ಲ ಬಿಟ್ಟು, ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

ಅವನು ನೋಡಿದ. ಎಳೆಬಿಸಿಲಿಗೆ ಹಣೆ ತುಂಬ ಹಳದಿ.

"ಅವ್ವ ಹಚ್ಚಿದ್ಲೇನು?" ಎಂದು ಕೇಳಿದ. ಅವಳು ಹೂಂ ಎಂದು ಗೋಣು ಹಾಕಿದಳು.

ಬೀರೇಶ ಕಲ್ಲಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟ. ಸುಹಾಸಿನಿ ಈಚೆ ದಂಡೆಯಲ್ಲಿ ಅವನ ಎದುರಿಗೇ ಕೂತಳು. ಅವನ ಕಣ್ಣೊರೆಸಲು ಕೈ ತುಡಿಯುತ್ತಿತ್ತು. ಇಬ್ಬರ ನಡುವೆ ಹಳ್ಳ ಹರಿಯುತ್ತಿತ್ತು, ಅವಳು ನೀರಿಗೆ ಕಾಲಿಡಲಿಲ್ಲ.

ಊರಿನ ಕಡೆಯಿಂದ ಯಾರೋ ಡಾಕ್ಟರಪ್ಪ ಎಂದು ಕೂಗಿದರು. ಅವನು ಕಣ್ಣೊರೆಸಿಕೊಂಡು ಎದ್ದ. ಹೋಗುವಾಗ ಬೆನ್ನು ತಿರುಗಿಸಲಿಲ್ಲ, ಅವಳನ್ನೇ ನೋಡುತ್ತ, ಕಲ್ಲುಗಳಲ್ಲಿ ಎಡವುತ್ತ, ಕೊಟ್ಟಿಗೆಯ ತನಕ ಹಿಂದಹಿಂದಕ್ಕೆ ನಡೆದುಕೊಂಡೇ ಹೋದ.